ಬಾಡಿಗೆ ಕಾರ್ಯಾಗಾರ: ರೈತರು ತಮ್ಮ ಯಂತ್ರಗಳನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಬಗೆ

ಮುಂಗಾರು ಮಳೆ ಬಿದ್ದು ಎರೆಭೂಮಿ ಹದಕ್ಕೆ ಬಂದಾಗ ಬಿತ್ತನೆಗೆ ಸಿಗುವ ದಿನಗಳು ಕೆಲವೇ. ಮಳೆ ಹೆಚ್ಚಾದರೆ ಗಾಲಿ ಹುಗಿಯುತ್ತದೆ, ಬಿಸಿಲು ಬಿದ್ದರೆ ಹದ ಆರುತ್ತದೆ. ಇಂಥ ಸಮಯದಲ್ಲಿ ಟ್ರ್ಯಾಕ್ಟರು ಕೆಟ್ಟು ಗ್ಯಾರೇಜಿನ ಮುಂದೆ ನಾಲ್ಕು ದಿನ ಸರದಿ ಕಾಯ್ದರೆ, ಆಗುವ ಹಾನಿ ದುರಸ್ತಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಸುಗ್ಗಿಯಲ್ಲಿ, ರಾಶಿಯ ಕಣದಲ್ಲಿ ಕಾಣುತ್ತದೆ. ಇಂಥ ನಿಲುಗಡೆಗಳಲ್ಲಿ ಹಲವಕ್ಕೆ ಕಾರಣ ದೊಡ್ಡ ದೋಷವಲ್ಲ. ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಸಡಿಲವಾದ ಬೆಲ್ಟು, ನೀರು ಆರಿದ ಬ್ಯಾಟರಿ ಮುಂತಾದ ಸಣ್ಣ ಸಂಗತಿಗಳೇ ಯಂತ್ರವನ್ನು ಹೊಲದಲ್ಲಿ ನಿಲ್ಲಿಸುತ್ತವೆ. ಇವನ್ನು ಸರಿಪಡಿಸುವ ಕೆಲಸವನ್ನು ರೈತರು ಕಲಿಯಬಲ್ಲರು. ಕೊರತೆ ಇರುವುದು ಜಾಗಕ್ಕೆ ಮತ್ತು ಸಾಮಾನಿಗೆ.

ಕೆಲಗೇರಿಯಂಥ ಊರಿನ ಪರಿಸ್ಥಿತಿ

ಧಾರವಾಡದ ಪಶ್ಚಿಮಕ್ಕೆ, ಕೆರೆಯ ಬದಿಯಲ್ಲಿರುವ ಕೆಲಗೇರಿ ಈಗ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ. ಒಂದು ಕಡೆ ನಗರದ ಬಡಾವಣೆ, ಇನ್ನೊಂದು ಕಡೆ ಹೊಲ ಮತ್ತು ಮಾವಿನ ತೋಟ. ಇಂಥ ಊರುಗಳಲ್ಲಿ ಮನೆಯ ಅಂಗಳ ಕಿರಿದಾಗಿದೆ. ಯಂತ್ರಗಳ ಸಂಖ್ಯೆ ಹೆಚ್ಚಾಗಿದೆ. ಟ್ರ್ಯಾಕ್ಟರು, ಪವರ್ ಟಿಲ್ಲರು, ಸಿಂಪರಣಾ ಯಂತ್ರ, ಪಂಪುಸೆಟ್ಟು, ಮೋಟರ್ ಸೈಕಲ್, ಹಾಲು ಹಾಗೂ ಕಾಯಿಪಲ್ಲೆ ಸಾಗಿಸುವ ಸಣ್ಣ ಗಾಡಿ ಎಲ್ಲವೂ ಬೀದಿಯ ಬದಿಯಲ್ಲಿಯೇ ನಿಲ್ಲುತ್ತವೆ. ಮಣ್ಣಿನ ಮೇಲೆ ಜಾಕು ಕೊಟ್ಟು ಯಂತ್ರದ ಕೆಳಗೆ ಮಲಗುವುದು ಅಪಾಯಕರ. ಗಾಳಿಯಲ್ಲಿ ಧೂಳು ಹಾರುವಾಗ ಇಂಜಿನ್ನಿನ ಭಾಗ ಬಿಚ್ಚುವುದು ಯಂತ್ರಕ್ಕೇ ಕೇಡು.

ಹಿಂದೆ ಊರಿಗೊಂದು ಕಮ್ಮಾರಸಾಲೆ ಇತ್ತು. ಕುಳ ಹಣಿಸಲು ಹೋದ ರೈತ ಸುಮ್ಮನೆ ಕೂಡುತ್ತಿರಲಿಲ್ಲ. ತಿದಿ ಒತ್ತುತ್ತಿದ್ದ, ಸುತ್ತಿಗೆ ಹಿಡಿಯುತ್ತಿದ್ದ. ಕುಲುಮೆ, ಅಡಿಗಲ್ಲು ಮತ್ತು ಕುಶಲತೆ ಕಮ್ಮಾರನದು. ಮೈಬಗ್ಗಿಸಿದ ದುಡಿಮೆ ರೈತನದೂ ಹೌದು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಆಯ ಸಲ್ಲುತ್ತಿತ್ತು. ಬಾಡಿಗೆ ಕಾರ್ಯಾಗಾರವೆಂದರೆ ಇದೇ ಪದ್ಧತಿಯ ಇಂದಿನ ರೂಪ. ಗಟ್ಟಿ ನೆಲದ ಶೆಡ್ಡು, ಬೆಳಕು, ಎತ್ತುವ ಸಾಧನ ಮತ್ತು ಪಾನಾಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ಕೆಲಸವನ್ನು ಮಾತ್ರ ಯಂತ್ರದ ಒಡೆಯನೇ ಮಾಡಿಕೊಳ್ಳುವುದು.

ಹೊರಗಿನ ಅನುಭವ

ಜರ್ಮನಿಯಲ್ಲಿ ಕಾರುಗಳ ಒಡೆಯರು ಜಾಗ ಮತ್ತು ಲಿಫ್ಟನ್ನು ಬಾಡಿಗೆಗೆ ಪಡೆದು ಸ್ವತಃ ದುರಸ್ತಿ ಮಾಡಿಕೊಳ್ಳುವ ಕಾರ್ಯಾಗಾರಗಳು ಅನೇಕ ಪಟ್ಟಣಗಳಲ್ಲಿವೆ. ಅದೇ ದೇಶದ ಬವೇರಿಯಾದಲ್ಲಿ 1958ರಲ್ಲಿ ರೈತರ ಮೊದಲ ಯಂತ್ರಬಳಗ ಸ್ಥಾಪನೆಯಾಯಿತು. ಒಬ್ಬರ ಯಂತ್ರ ಇನ್ನೊಬ್ಬರಿಗೆ ನಿಗದಿತ ದರದಲ್ಲಿ ದೊರೆಯುವ ವ್ಯವಸ್ಥೆ ಅದು. ಫ್ರಾನ್ಸಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಬೆಳೆದ ಯಂತ್ರಬಳಕೆಯ ಸಹಕಾರ ಸಂಘಗಳಲ್ಲಿ ಕೆಲವು ತಮ್ಮದೇ ದುರಸ್ತಿ ಶಾಲೆಗಳನ್ನು ಹೊಂದಿವೆ.

ಕರ್ನಾಟಕದಲ್ಲಿಯೂ ಇದರ ಅರ್ಧ ಭಾಗ ಜಾರಿಯಲ್ಲಿದೆ. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯಡಿ ಬಾಡಿಗೆ ಸೇವಾ ಕೇಂದ್ರಗಳು ನೇಗಿಲು, ರೋಟಾವೇಟರ್, ಕೂರಿಗೆ, ಒಕ್ಕಣೆ ಯಂತ್ರ ಮುಂತಾದವನ್ನು ರೈತರಿಗೆ ಒದಗಿಸತೊಡಗಿದವು. ಆದರೆ ಯಂತ್ರ ಬಾಡಿಗೆಗೆ ಸಿಗುವುದು ಬೇರೆ. ರೈತನ ಸ್ವಂತ ಯಂತ್ರವನ್ನು ಸರಿಪಡಿಸಿಕೊಳ್ಳಲು ಸ್ಥಳ, ಸಾಮಾನು ಸಿಗುವುದು ಬೇರೆ. ಎರಡನೆಯದು ಇನ್ನೂ ಬೆಳೆಯಬೇಕಾಗಿದೆ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಸಹಕಾರ ಸಂಘ ಕಟ್ಟಿದ ನಾಡಿಗೆ ಇದು ಅಸಾಧ್ಯವಾದುದಲ್ಲ.

ಖರ್ಚಿನ ಲೆಕ್ಕ

ಲೆಕ್ಕದ ಸಲುವಾಗಿ ಕಾರ್ಯಾಗಾರದ ಸಾಮಾನಿನ ಬೆಲೆ ರೂ. 1,50,000, ಆಯುಷ್ಯ 10 ವರ್ಷ, ಕೊನೆಯ ಬೆಲೆ ಶೇ. 10 ಎಂದು ಹಿಡಿಯೋಣ. ವಾರ್ಷಿಕ ಖರ್ಚು ಹೀಗಾಗುತ್ತದೆ:

1. ಸವಕಳಿ: ರೂ. 13,500
2. ಸರಾಸರಿ ಬಂಡವಾಳದ ಮೇಲೆ ಶೇ. 10 ಬಡ್ಡಿ: ರೂ. 8,250
3. ಶೆಡ್ಡಿನ ಬಾಡಿಗೆ, ತಿಂಗಳಿಗೆ ರೂ. 1,000ರಂತೆ: ರೂ. 12,000
4. ಸಾಮಾನಿನ ದುರಸ್ತಿ: ರೂ. 7,500
5. ವಿದ್ಯುತ್: ರೂ. 3,000
6. ಅರೆಕಾಲಿಕ ಮೇಲ್ವಿಚಾರಕನ ಸಂಬಳ, ತಿಂಗಳಿಗೆ ರೂ. 3,750ರಂತೆ: ರೂ. 45,000

ಒಟ್ಟು ರೂ. 89,250. ಮೂವತ್ತು ಕುಟುಂಬಗಳು ವರ್ಷಕ್ಕೆ ತಲಾ 25 ಗಂಟೆ, ಅಂದರೆ ಒಟ್ಟು 750 ಗಂಟೆ ಬಳಸಿದರೆ ಗಂಟೆಗೆ ಬೀಳುವುದು ರೂ. 119. ಇದೇ ಸಾಮಾನನ್ನು ಒಬ್ಬ ರೈತ ತಾನೊಬ್ಬನೇ ಕೊಂಡು ವರ್ಷಕ್ಕೆ 25 ಗಂಟೆ ಬಳಸಿದರೆ, ಸವಕಳಿ ಮತ್ತು ಬಡ್ಡಿಯೇ ಗಂಟೆಗೆ ರೂ. 870 ಆಗುತ್ತದೆ.

ಆದರೆ ಇನ್ನೊಂದು ಮಾತನ್ನು ಮರೆಯಬಾರದು. ಬಳಕೆ 300 ಗಂಟೆಗೆ ಇಳಿದರೆ ವಿದ್ಯುತ್ ಮತ್ತು ದುರಸ್ತಿಯ ಖರ್ಚು ಅದೇ ಪ್ರಮಾಣದಲ್ಲಿ ಕಡಿಮೆಯಾದರೂ ಗಂಟೆಯ ಖರ್ಚು ಸುಮಾರು ರೂ. 276ಕ್ಕೆ ಏರುತ್ತದೆ. ಆದ್ದರಿಂದ ಸಾಮಾನು ಕೊಳ್ಳುವ ಮೊದಲು ಬಳಸುವವರ ಪಟ್ಟಿ ಮಾಡಬೇಕು. ಕಾರ್ಯಾಗಾರ ಉಳಿಯುವುದು ಅನುದಾನದಿಂದಲ್ಲ, ಬಳಕೆಯ ಗಂಟೆಗಳಿಂದ. ಮೇಲಿನ ಅಂಕಿಗಳಿಗೆ ಬದಲು ತಮ್ಮ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳುವುದು ಸೂಕ್ತ.

ಯಾವ ಸಾಮಾನು ಸ್ವಂತ, ಯಾವುದು ಹಂಚಿಕೆ?

ದಿನನಿತ್ಯ ಬೇಕಾಗುವ ಒಂದು ಜೊತೆ ಪಾನಾ, ಸ್ಕ್ರೂ ಡ್ರೈವರ್, ಇಕ್ಕಳ, ಸುತ್ತಿಗೆ, ಗ್ರೀಸ್ ಗನ್ ಮತ್ತು ಗಾಳಿಯ ಒತ್ತಡ ಅಳೆಯುವ ಗೇಜು ಪ್ರತಿಯೊಬ್ಬ ಟ್ರ್ಯಾಕ್ಟರ್ ಒಡೆಯನ ಬಳಿ ಇರಬೇಕು. ಇವು ಹೊಲದಲ್ಲಿಯೇ ಬೇಕಾಗುವ ವಸ್ತುಗಳು. ಭಾರವಾದ ಜಾಕು ಮತ್ತು ಸ್ಟ್ಯಾಂಡು, ಚೈನ್ ಪುಲ್ಲಿ, ಬೆಂಚ್ ವೈಸ್, ಏರ್ ಕಂಪ್ರೆಸರ್, ಬೇರಿಂಗ್ ಕೀಳುವ ಪುಲ್ಲರ್, ಟಾರ್ಕ್ ರೆಂಚ್, ಬ್ಯಾಟರಿ ಚಾರ್ಜರ್, ಹೈಡ್ರೋಮೀಟರ್ ಮತ್ತು ವೆಲ್ಡಿಂಗ್ ಯಂತ್ರಗಳು ವರ್ಷದಲ್ಲಿ ಕೆಲವೇ ಸಲ ಬೇಕಾಗುತ್ತವೆ. ಇವು ಹಂಚಿಕೊಳ್ಳಲು ಯೋಗ್ಯ.

ರೈತರು ಮಾಡಬಹುದಾದ ಕೆಲಸಗಳು

ಇಂಜಿನ್ ಎಣ್ಣೆ ಮತ್ತು ಫಿಲ್ಟರುಗಳ ಬದಲಾವಣೆ, ಏರ್ ಕ್ಲೀನರ್ ತೊಳೆಯುವುದು, ಬೆಲ್ಟಿನ ಬಿಗಿತ, ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ಸಡಿಲಿಕೆ ಸರಿಪಡಿಸುವುದು, ಮುಂಗಾಲಿಯ ಬೇರಿಂಗಿಗೆ ಗ್ರೀಸು ತುಂಬುವುದು, ಬ್ಯಾಟರಿಯ ಆರೈಕೆ ಇವು ಕಲಿತರೆ ಕಷ್ಟವಲ್ಲ. ಎಷ್ಟು ಗಂಟೆಗೊಮ್ಮೆ ಎಂಬುದನ್ನು ಯಂತ್ರದ ಕೈಪಿಡಿ ನೋಡಿ ನಿರ್ಧರಿಸಬೇಕು.

ಇವುಗಳಲ್ಲಿ ಏರ್ ಕ್ಲೀನರ್ ಮುಖ್ಯ. ಒಣಭೂಮಿ ರೋಟಾವೇಟರ್ ಹೊಡೆಯುವಾಗ ಏಳುವ ಧೂಳು ಇಂಜಿನ್ನಿಗೆ ಹೋದರೆ ಸಾಣೆಯ ಪುಡಿಯಂತೆ ಪಿಸ್ಟನ್ ರಿಂಗನ್ನು ಸವೆಸುತ್ತದೆ. ಎಣ್ಣೆಯ ಏರ್ ಕ್ಲೀನರ್ ಇದ್ದರೆ ಧೂಳಿನ ದಿನಗಳಲ್ಲಿ ನಿತ್ಯ ಬಟ್ಟಲು ತೆಗೆದು ನೋಡಬೇಕು. ತಳದಲ್ಲಿ ಕೆಸರು ನಿಂತಿದ್ದರೆ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಬೇಕು.

ಟಾಕಿಯಲ್ಲಿ ಡೀಸೆಲ್ ಪೂರ್ತಿ ತೀರಿದಾಗ ನಳಿಕೆಗಳಲ್ಲಿ ಗಾಳಿ ಸೇರಿ ಇಂಜಿನ್ ಚಾಲೂ ಆಗುವುದಿಲ್ಲ. ಹಳೆಯ ಮಾದರಿಯ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ತುಂಬಿ, ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತಬೇಕು. ಗುಳ್ಳೆ ನಿಂತು ಡೀಸೆಲ್ ಒಂದೇ ಸಮನೆ ಬಂದಾಗ ಸ್ಕ್ರೂ ಬಿಗಿಯಬೇಕು. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿಯೂ ಹೀಗೆಯೇ ಮಾಡಬೇಕು.

ಬ್ಯಾಟರಿಯ ದ್ರಾವಣವನ್ನು ಹೈಡ್ರೋಮೀಟರಿನಿಂದ ಪರೀಕ್ಷಿಸಿದಾಗ ಸಾಂದ್ರತೆ 1.260ರಿಂದ 1.280 ಇದ್ದರೆ ಚಾರ್ಜು ಪೂರ್ಣವಿದೆ ಎಂದರ್ಥ, 1.200ಕ್ಕಿಂತ ಕೆಳಗಿದ್ದರೆ ಚಾರ್ಜು ಮಾಡಿಸಬೇಕು. ನೀರು ಕಡಿಮೆಯಾದಾಗ ಶುದ್ಧೀಕರಿಸಿದ ಬ್ಯಾಟರಿ ನೀರನ್ನೇ ಹಾಕಬೇಕು. ಬಾವಿಯ ನೀರು ಸಲ್ಲದು.

ಮಾಡಬಾರದ ಕೆಲಸಗಳು

ಇಂಜೆಕ್ಷನ್ ಪಂಪು, ಗೇರ್ ಬಾಕ್ಸಿನ ಒಳಭಾಗ ಮತ್ತು ಹೈಡ್ರಾಲಿಕ್ ಪಂಪನ್ನು ಬಿಚ್ಚುವುದು ಪರಿಣತರ ಕೆಲಸ. ಖಾತರಿಯ ಅವಧಿಯಲ್ಲಿರುವ ಯಂತ್ರವನ್ನು ಸ್ವತಃ ಬಿಚ್ಚಿದರೆ ಖಾತರಿ ತಪ್ಪಬಹುದು. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಕಠಿಣವಾದ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಇಂಥ ಟ್ರ್ಯಾಕ್ಟರುಗಳಲ್ಲಿ ವಿದ್ಯುನ್ಮಾನ ನಿಯಂತ್ರಣ ಬಂದಿರುವುದರಿಂದ ದೋಷ ಹುಡುಕಲು ವಿಶೇಷ ಉಪಕರಣವೇ ಬೇಕು. ಅವುಗಳ ಡೀಸೆಲ್ ನಳಿಕೆಗಳಲ್ಲಿ ಒತ್ತಡ ಬಹಳ. ಸಿಡಿದ ಡೀಸೆಲ್ ಚರ್ಮವನ್ನೇ ತೂರಿ ಒಳಹೊಗುತ್ತದೆ. ಇವುಗಳ ಗೊಡವೆಗೆ ಹೋಗಬಾರದು.

ಕಾರ್ಯಾಗಾರದ ನಿಯಮಗಳು

1. ಜಾಕಿನ ಆಧಾರ ಒಂದನ್ನೇ ನಂಬಿ ಯಂತ್ರದ ಕೆಳಗೆ ಹೋಗಕೂಡದು. ಸ್ಟ್ಯಾಂಡು ಕೊಟ್ಟು, ಉಳಿದ ಗಾಲಿಗಳಿಗೆ ಅಡೆ ಇಡಬೇಕು. ಹೈಡ್ರಾಲಿಕ್ಕಿನ ಮೇಲೆ ಎತ್ತಿದ ರೋಟಾವೇಟರಿನ ಕೆಳಗೂ ಹಾಗೆಯೇ ಕೈ ಹಾಕಬಾರದು.
2. ಒಬ್ಬನೇ ಕೆಲಸ ಮಾಡಬಾರದು. ಕನಿಷ್ಠ ಇನ್ನೊಬ್ಬರು ಜೊತೆಗಿರಬೇಕು.
3. ಬ್ಯಾಟರಿ ಚಾರ್ಜು ಮಾಡುವ ಮತ್ತು ಡೀಸೆಲ್ ಇಡುವ ಕಡೆ ಬೀಡಿ, ವೆಲ್ಡಿಂಗ್ ಎರಡೂ ನಿಷಿದ್ಧ.
4. ಗೋಡೆಯ ಹಲಗೆಯ ಮೇಲೆ ಪ್ರತಿ ಪಾನಾದ ಆಕಾರ ಬರೆದಿಡಬೇಕು. ಸಂಜೆ ಯಾವ ಜಾಗ ಖಾಲಿಯಿದೆಯೋ ಆ ಸಾಮಾನು ಮರಳಿಲ್ಲ ಎಂದು ಕೂಡಲೆ ತಿಳಿಯುತ್ತದೆ.
5. ಪಡೆದವರ ಹೆಸರು, ವೇಳೆ ಮತ್ತು ಸಾಮಾನನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಸವೆದು ಮುರಿದರೆ ಸಂಘದ ಖರ್ಚು, ಕಳೆದರೆ ಪಡೆದವರ ಖರ್ಚು ಎಂಬ ನಿಯಮವನ್ನು ಮೊದಲೇ ಒಪ್ಪಿಕೊಳ್ಳಬೇಕು. ಇಂಥ ಮಾತನ್ನು ಬರೆದಿಡದೆ ಬಿಟ್ಟರೆ ಜಗಳಕ್ಕೆ ದಾರಿ.
6. ಹಳೆಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಬಾರದು. ಕೆಲಗೇರಿಯಂಥ ಕೆರೆಯ ಬದಿಯ ಊರಿನಲ್ಲಿ ಗಟಾರದ ಎಣ್ಣೆ ಕೆರೆಗೇ ಸೇರೀತು. ಅದನ್ನು ಮುಚ್ಚಳದ ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಿಗೆ ಪಡೆದ ಸಂಸ್ಕರಣಕಾರರಿಗೆ ಕೊಡಬೇಕು.

ಪ್ರಾರಂಭ ಹೇಗೆ?

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ರೈತ ಉತ್ಪಾದಕರ ಸಂಸ್ಥೆ ಅಥವಾ ಈಗಾಗಲೇ ನಡೆದಿರುವ ಬಾಡಿಗೆ ಸೇವಾ ಕೇಂದ್ರ ಈ ಕೆಲಸಕ್ಕೆ ಯೋಗ್ಯ. ಊರಿನಲ್ಲಿ ಗ್ಯಾರೇಜು ನಡೆಸುವ ಮೆಕ್ಯಾನಿಕ್‌ನನ್ನೇ ಮೇಲ್ವಿಚಾರಕನನ್ನಾಗಿ ಮಾಡಿಕೊಂಡರೆ ಅವನ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲ. ರೈತರಿಗೂ ಕಲಿಸುವವನೊಬ್ಬ ದೊರೆಯುತ್ತಾನೆ. ಯುವಕರಿಗೆ ಹೆಚ್ಚಿನ ತರಬೇತಿ ಬೇಕಿದ್ದಲ್ಲಿ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ವಿಸ್ತರಣಾ ಕಾರ್ಯಕರ್ತರು ಹತ್ತು ಹದಿನೈದು ಜನ ಟ್ರ್ಯಾಕ್ಟರ್ ಒಡೆಯರನ್ನು ಕೂಡಿಸಿ, ಒಂದು ದಿನದ ಎಣ್ಣೆ ಬದಲಾವಣೆಯ ಪ್ರಾತ್ಯಕ್ಷಿಕೆಯಿಂದ ಆರಂಭಿಸಬಹುದು.

ದುರಸ್ತಿಗೆ ತಕ್ಕ ಕಾಲ ಬಿತ್ತನೆಯ ವೇಳೆಯಲ್ಲ. ಮುಂಗಾರಿಗೆ ಏಪ್ರಿಲ್-ಮೇ ತಿಂಗಳಲ್ಲಿ, ಹಿಂಗಾರಿಗೆ ಸೆಪ್ಟೆಂಬರ್ ಮೊದಲಲ್ಲಿ ಸರದಿಯ ಪಟ್ಟಿ ಹಾಕಿ, ಪ್ರತಿ ಯಂತ್ರವನ್ನೂ ಒಮ್ಮೆ ಕಾರ್ಯಾಗಾರಕ್ಕೆ ತಂದು ನೋಡಬೇಕು. ಹೀಗೆ ಮಾಡಿದಲ್ಲಿ ಹದ ಬಂದ ದಿನ ಟ್ರ್ಯಾಕ್ಟರು ಗ್ಯಾರೇಜಿನಲ್ಲಿರದೆ ಹೊಲದಲ್ಲಿರುತ್ತದೆ.