ಎರಡು ಕೇಬಲ್, ಒಂದೇ ಗುಂಡಿ

ಅಂದು ಸಿಇಟಿ ಅರ್ಜಿಗೆ ಕೊನೆಯ ದಿನ. ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ನಾನು ಶುಲ್ಕ ಕಟ್ಟುವ ಹೊತ್ತಿಗೆ ಸರಿಯಾಗಿ ಇಂಟರ್ನೆಟ್ ಹೋಯಿತು. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಪೈಪ್ ಹಾಕಲು ಅಗೆಯುವಾಗ ಫೈಬರ್ ಕೇಬಲ್ ತುಂಡಾಗಿತ್ತು. ಪರೀಕ್ಷಾ ಪ್ರಾಧಿಕಾರದ ಕಚೇರಿ ಮಲ್ಲೇಶ್ವರದಲ್ಲೇ ಇದೆ, ಆಟೋ ಹಿಡಿದರೆ ತಲುಪಬಹುದು. ಆದರೆ ಅರ್ಜಿ ತುಂಬಬೇಕಾದದ್ದು ಆನ್‌ಲೈನ್‌ನಲ್ಲಿ! ಕೊನೆಗೆ ಲೈಬ್ರರಿ ಮೇಡಂ ತಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರು.

"ಸರ್, ನಮಗೆ ಬೇಕಾದದ್ದು ಇನ್ನೊಂದು ಸಂಪರ್ಕವೋ, ಎಸ್‌ಡಿ-ವ್ಯಾನೋ?" ಎಂದು ಕಂಪ್ಯೂಟರ್ ಸೈನ್ಸ್ ಸರ್ ಅವರನ್ನು ಕೇಳಿದೆ. "ನೀನೇ ಓದಿ ಬರೆ" ಎಂದರು. ಬರೆದಿದ್ದೇನೆ.

ಬ್ಯಾಕಪ್ ಸಂಪರ್ಕ ಸರಳ. ಮುಖ್ಯ ಸಂಪರ್ಕ ನಿಂತರೆ ಎರಡನೆಯದು ಕೆಲಸಕ್ಕೆ ಇಳಿಯುತ್ತದೆ. ಎರಡು ಸಂಪರ್ಕ ಜೋಡಿಸಬಹುದಾದ ರೂಟರ್ ಇದನ್ನು ತಾನಾಗಿ ಮಾಡುತ್ತದೆ. ಬದಲಾಗುವ ಗಳಿಗೆಯಲ್ಲಿ ನಡೆಯುತ್ತಿರುವ ವಿಡಿಯೋ ಕರೆ ಕಡಿದುಹೋಗಬಹುದು, ಅಷ್ಟೇ.

ಎಸ್‌ಡಿ-ವ್ಯಾನ್ ಎಂದರೆ ಸಾಫ್ಟ್‌ವೇರ್‌ನಿಂದ ನಿಯಂತ್ರಿಸುವ ವಿಶಾಲ ಜಾಲ. ಇದು ಎಲ್ಲ ಸಂಪರ್ಕಗಳನ್ನೂ ಒಟ್ಟಿಗೆ ಬಳಸುತ್ತದೆ. ಯಾವುದರಲ್ಲಿ ವಿಳಂಬವಿದೆ, ಯಾವುದರಲ್ಲಿ ಮಾಹಿತಿ ದಾರಿಯಲ್ಲೇ ಕಳೆದುಹೋಗುತ್ತಿದೆ ಎಂದು ಅಳೆಯುತ್ತಲೇ ಇದ್ದು, ವಿಡಿಯೋ ಕರೆಯನ್ನು ಒಂದರಲ್ಲಿ, ಡೌನ್‌ಲೋಡನ್ನು ಇನ್ನೊಂದರಲ್ಲಿ ಕಳಿಸುತ್ತದೆ. ಹತ್ತಾರು ಶಾಖೆಗಳಿರುವ ಬ್ಯಾಂಕು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಲು ಇದು ಅನುಕೂಲ. ಆದರೆ ಎಸ್‌ಡಿ-ವ್ಯಾನ್ ಹೊಸ ಕೇಬಲ್ ಎಳೆಯುವುದಿಲ್ಲ. ಇರುವ ಕೇಬಲ್‌ಗಳನ್ನು ನಿಭಾಯಿಸುತ್ತದೆ.

ಇಲ್ಲಿ ನಮ್ಮ ಗಣಿತದ ಸಂಭವನೀಯತೆ ಪಾಠ ನೆನಪಿಗೆ ಬಂತು. ವರ್ಷಕ್ಕೆ 8,760 ಗಂಟೆ. 99% ಸಮಯ ನಡೆಯುವ ಸಂಪರ್ಕವೂ ಸುಮಾರು 88 ಗಂಟೆ ಸತ್ತಿರುತ್ತದೆ. ಅಂಥ ಎರಡು ಇದ್ದರೆ ಎರಡೂ ಒಟ್ಟಿಗೆ ನಿಲ್ಲುವ ಸಂಭವನೀಯತೆ 0.01 × 0.01 = 0.0001, ಅಂದರೆ ವರ್ಷಕ್ಕೆ ಒಂದು ಗಂಟೆಗೂ ಕಡಿಮೆ. ಆದರೆ ಒಂದು ಷರತ್ತು: ಅವು ಸ್ವತಂತ್ರ ಘಟನೆಗಳಾಗಿರಬೇಕು. ಎರಡು ಕಂಪನಿಗಳ ಕೇಬಲ್ ಒಂದೇ ಗುಂಡಿಯಲ್ಲಿದ್ದರೆ ಒಂದೇ ಜೆಸಿಬಿ ಎರಡನ್ನೂ ಕತ್ತರಿಸುತ್ತದೆ. ಆಗ ಎಸ್‌ಡಿ-ವ್ಯಾನ್ ಇದ್ದರೂ ಪ್ರಯೋಜನವಿಲ್ಲ.

ಆದ್ದರಿಂದ ಒಂದೇ ಕಟ್ಟಡದ ನಮ್ಮ ಕಾಲೇಜಿಗೆ ನನ್ನ ಸಲಹೆ: ಈಗಿನ ಫೈಬರ್ ಜೊತೆಗೆ 4ಜಿ ಅಥವಾ 5ಜಿ ಸಂಪರ್ಕ, ಎರಡನ್ನೂ ಜೋಡಿಸುವ ರೂಟರ್, ಕರೆಂಟ್ ಹೋದಾಗ ಇವುಗಳಿಗೆ ಯುಪಿಎಸ್. ತಿಂಗಳಿಗೊಮ್ಮೆ ಮುಖ್ಯ ಕೇಬಲ್ ಕಿತ್ತು ಪರೀಕ್ಷಿಸಿದರೆ ಇನ್ನೂ ಒಳ್ಳೆಯದು.

ಅರ್ಜಿಯನ್ನು ಕೊನೆಯ ದಿನದವರೆಗೆ ಬಿಟ್ಟದ್ದು ಮಾತ್ರ ನನ್ನದೇ ತಪ್ಪು. ಜೂನಿಯರ್‌ಗಳೇ, ನೀವು ಹಾಗೆ ಮಾಡಬೇಡಿ.