ಮಂಡಿ ನೋವೇ? ‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ!

ಬಾಗಿಲಿಗೆ ರಂಗೋಲಿ ಇಡಲು ಕುಕ್ಕರಗಾಲಲ್ಲಿ ಕೂತಿರಿ. ಏಳೋಣವೆಂದರೆ ಮಂಡಿ ಮಾತು ಕೇಳದು! ಗೋಡೆ ಹಿಡಿದು “ಅಮ್ಮಾ” ಎಂದು ಎದ್ದಿರಿ. ಯಾರಾದರೂ ಕೇಳಿದರೆ, “ಏನಿಲ್ಲ ಬಿಡಿ, ವಯಸ್ಸಾಯ್ತಲ್ಲ” ಎಂಬ ನಗು. ಮನೆಮಂದಿಯ ನೆಗಡಿಗೂ ಕಷಾಯ ಕಾಸುವ ನೀವು ನಿಮ್ಮ ಮಂಡಿಯನ್ನೇಕೆ ಮರೆತಿರಿ?

ಮೂಳೆಗಳ ತುದಿಯಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿ ಸವೆದು, ಕೀಲು ಬಿಗಿಯುವ ಈ ಬೇನೆಗೆ ಡಾಕ್ಟರು ‘ಆಸ್ಟಿಯೋ ಆರ್ಥ್ರೈಟಿಸ್’ ಎನ್ನುತ್ತಾರೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದದ್ದು ‘ಸಂಧಿಗತ ವಾತ’. ಕಾಲು ಮಡಿಸಿ ಚಾಚುವಾಗ ನೋವು, ಮುಟ್ಟಿದರೆ ಗಾಳಿ ತುಂಬಿದ ಚೀಲದಂಥ ಊತ ಎಂದು ಚರಕ ಸಂಹಿತೆ ಇದನ್ನು ವರ್ಣಿಸಿದೆ.

ಬಿಸಿ ಎಳ್ಳೆಣ್ಣೆ ಸವರಿ ಶಾಖ ಕೊಟ್ಟರೆ ಹಾಯೆನಿಸುತ್ತದೆ. ವೈದ್ಯರು ಮಂಡಿಯ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಬೆಚ್ಚನೆಯ ತೈಲ ನಿಲ್ಲಿಸುವ ‘ಜಾನು ಬಸ್ತಿ’ಯನ್ನೂ ಮಾಡುತ್ತಾರೆ. ನೋವು ತಗ್ಗಬಹುದು, ಆದರೆ ಸವೆದ ಮೃದ್ವಸ್ಥಿ ಮತ್ತೆ ಬೆಳೆಯದು. ಮಂಡಿ ಕೆಂಪಾಗಿ ಕಾದಿದ್ದರೆ, ಜ್ವರವಿದ್ದರೆ ಎಣ್ಣೆ ತಿಕ್ಕಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ, ಬೆರಳ ಗಿಣ್ಣುಗಳೂ ಊದಿದ್ದರೆ ಅದು ಬೇರೆಯದೇ ವಾತವಿರಬಹುದು.

ಎಣ್ಣೆಗಿಂತ ಮುಖ್ಯ ತೊಡೆಯ ಬಲ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, 5 ಎಣಿಸಿ ಇಳಿಸಿ. ಒಂದೊಂದು ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತು. ಅನ್ನಕ್ಕೆ ನೀರಿಟ್ಟು ಕಾಯುವಾಗಲೇ ಆದೀತು! ಮೈ ಭಾರವಿದ್ದವರು 1 ಕಿಲೋ ಇಳಿಸಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ. ತರಕಾರಿ ಹೆಚ್ಚಲು ನೆಲ ಬಿಟ್ಟು ಕುರ್ಚಿ ಮೇಲೆ ಕೂರಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ.

ನೋವಿಗೆ ಹಚ್ಚುವ ಜೆಲ್‌ನಿಂದ ಶುರುಮಾಡಿ. ನೋವಿನ ಮಾತ್ರೆಗಳನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾದೀತು, ಮೂತ್ರಪಿಂಡ ಕೆಟ್ಟೀತು. ಗುಗ್ಗುಲು ಮೊದಲಾದ ಔಷಧಿಗಳೂ ವೈದ್ಯರ ಸಲಹೆಯಂತೆಯೇ ಇರಲಿ. ಇವರ ಔಷಧಿ ಅವರಿಗೆ, ಅವರದು ಇವರಿಗೆ ಮುಚ್ಚಿಡಬೇಡಿ. “ಮೂರೇ ದಿನದಲ್ಲಿ ನೋವು ಮಾಯ” ಎಂದು ಮಾರುವ ಹೆಸರಿಲ್ಲದ ಪುಡಿ ಮಾತ್ರ ಬೇಡವೇ ಬೇಡ! ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಬಹಳ ದಿನ ತಿಂದಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಡಾಕ್ಟರಿಗೆ ಪುಡಿ ತೋರಿಸಿ ಕೇಳಿ.

ಇಷ್ಟಾದರೂ ರಾತ್ರಿ ನಿದ್ದೆಯಿಲ್ಲ, ನಾಲ್ಕು ಹೆಜ್ಜೆ ನಡೆಯಲಾಗದು ಎಂದಾದರೆ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಇದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿತು.

ಇಂದೇ ಮನೆಯವರ ಮುಂದೆ ಬಾಯಿಬಿಟ್ಟು ಹೇಳಿ: “ನನಗೆ ಮಂಡಿ ನೋಯುತ್ತೆ.” ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ.