ಕಿಂದರಿಜೋಗಿ: ಮಕ್ಕಳಿಗೆ ಕಥೆ, ಹಿರಿಯರಿಗೆ ಎಚ್ಚರಿಕೆ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮಕ್ಕಳ ಪದ್ಯವೆಂದು ಬದಿಗಿಟ್ಟವರು ಅದನ್ನು ಮತ್ತೊಮ್ಮೆ ಓದಬೇಕು. ಇದರ ಮೂಲ, ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನ. ನಟ ಮ್ಯಾಕ್ರೆಡಿ ಅವರ ಪುತ್ರ ಕಾಯಿಲೆಯಿಂದ ಮಲಗಿದ್ದಾಗ, ಅವನು ಚಿತ್ರ ಬರೆದು ಹೊತ್ತು ಕಳೆಯಲೆಂದು ಬ್ರೌನಿಂಗ್ ಅದನ್ನು ರಚಿಸಿದರು.

ಕುವೆಂಪು ಅದನ್ನು ಪದಶಃ ಅನುವಾದಿಸದೆ ಕನ್ನಡದ ನೆಲಕ್ಕೆ ಒಗ್ಗಿಸಿದರು. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಬೊಮ್ಮನಹಳ್ಳಿಯಾಯಿತು. ವೇಸರ್ ನದಿ ತುಂಗೆಯಾಯಿತು. ನಗರಾಧ್ಯಕ್ಷ ಊರ ಗೌಡನಾದ. ಕೊಳಲೂದುವವನು ಕಿಂದರಿ ನುಡಿಸುವ ಜೋಗಿಯಾದ.

ಎಳೆಯರಿಗೆ ಇಲಿಗಳ ದಂಡು, ಪ್ರಾಸದ ಕುಣಿತ ಇವೇ ಸಾಕು. ಹಿರಿಯರನ್ನು ಕಾಡುವುದು ಬೇರೆಯೇ. ಇಲಿಗಳ ಕಾಟ ತೊಲಗಿದೊಡನೆ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ. ಬೆಲೆ ತೆರುವವರು ಏನೂ ಅರಿಯದ ಮಕ್ಕಳು. ಅವರೆಲ್ಲ ಜೋಗಿಯ ಹಿಂದೆ ಹೋಗಿ ಬೆಟ್ಟದೊಳಗೆ ಮರೆಯಾದಾಗ, ಕುಂಟುತ್ತ ಹಿಂದೆ ಬಿದ್ದ ಬಾಲಕನೊಬ್ಬನೇ ಊರಿಗೆ ಉಳಿಯುತ್ತಾನೆ.

ಮಗುವಿಗೆ ಈ ಕವನವನ್ನು ಓದಿ ಹೇಳುವಾಗ, ತಾವು ಅದಕ್ಕೆ ಕೊಟ್ಟು ಮರೆತ ಮಾತೊಂದು ತಂದೆತಾಯಿಗೆ ನೆನಪಾದರೆ, ಪದ್ಯ ಎರಡು ತಲೆಮಾರಿಗೂ ಸಂದಂತೆ.